ದುಭಾಷಿ ಕದಿರಪ್ಪನವರು ತಿದ್ದದ ಮಾತು

ಬಂಗಾರಪೇಟೆ ಕೋರ್ಟಿನಲ್ಲಿ ಜಗಳ ತಾರಕಕ್ಕೇರಿದರೆ ಎಲ್ಲರ ಕಣ್ಣೂ ದುಭಾಷಿ ಕದಿರಪ್ಪನವರ ಕಡೆಗೆ. ಒಬ್ಬ ಬೈದದ್ದನ್ನು ಇನ್ನೊಬ್ಬನಿಗೆ ತೆಲುಗಿನಲ್ಲೋ ತಮಿಳಿನಲ್ಲೋ ಮುಟ್ಟಿಸುವಾಗ ಅದರ ಖಾರ ಇಳಿಸಿಯೇ ಮುಟ್ಟಿಸುತ್ತಿದ್ದರು. ದುಭಾಷಿ ಮಾಡುವ ಕೆಲಸವೇ ಅದು? ಅಲ್ಲ. ಆದರೂ ಅದರಿಂದ ಎಷ್ಟು ಮನೆ ಉಳಿದವು ಅಂತೀರಿ!

೧೯೫೯ರಲ್ಲಿ ಅವರನ್ನು ಕೋಲಾರದ ಚಿನ್ನದ ಗಣಿಯ ಉರಿಗಾಮಿಗೆ ಕರೆಸಿದರು. ಗಣಿಯಲ್ಲಿ ಬಂಡೆ ಕೊರೆಯುವ ಗುತ್ತಿಗೆ ಹಿಡಿದಿದ್ದ ಲಂಡನ್ನಿನ ಕಂಪನಿಯೊಂದು ಗಂಟುಮೂಟೆ ಕಟ್ಟಿತ್ತು. ದೂಳು ಕುಡಿದು ಸತ್ತವರ ಹೆಂಡಿರು ಪರಿಹಾರ ಕೇಳಿದ್ದರು. ತೀರ್ಮಾನಕ್ಕೆ ಮೂವರು ಪಂಚರು: ಒಬ್ಬರು ನಮ್ಮವರು, ಒಬ್ಬರು ಇಂಗ್ಲೆಂಡಿನವರು, ನಡುವೆ ಸ್ವಿಟ್ಜರ್ಲೆಂಡಿನ ಮುದುಕರು.

ವಿಚಾರಣೆಯ ಕೊನೆಯ ದಿನ ಮಂಗಮ್ಮನ ಅರ್ಜಿ. ಅವಳ ಗಂಡ ಆ ಕಂಪನಿಗೇ ದುಡಿದು ಸತ್ತನೆಂದು ಹೇಳಲು ಬದುಕಿದ್ದವನು ಜೊತೆಗಾರ ಚಿಕ್ಕಮುನಿಯಪ್ಪ ಒಬ್ಬನೇ. ಬಂದ, ಕುರ್ಚಿಯಲ್ಲಿ ಕೂತ, ಕೆಮ್ಮಿದ. ಕೆಮ್ಮು ನಿಲ್ಲಲೇ ಇಲ್ಲ.

“ಸಾಕ್ಷಿ ಬಾಯಿಬಿಟ್ಟು ಹೇಳಬೇಕು, ನಿಯಮ ಹಾಗಿದೆ” ಎಂದ ಕಂಪನಿಯ ವಕೀಲ. ಇನ್ನೊಂದು ದಿನ ಕೊಡಿ ಎಂದ ಹೆಂಗಸರ ಪರ ನಿಂತಿದ್ದ ಸರ್ಕಾರಿ ವಕೀಲ. ಕೊಡುವಂತಿಲ್ಲ ಎಂದ ಕಂಪನಿಯವನು. ಇಬ್ಬರೂ ಎದ್ದು ಕೂಗಾಡಿದರು. ಒಬ್ಬ ಹೊರನಡೆದರೂ ವಿಚಾರಣೆ ಮುರಿದು ಮಂಗಮ್ಮನ ಅರ್ಜಿ ಬಿದ್ದುಹೋಗುತ್ತಿತ್ತು. ಅಯ್ಯೋ ಶಿವನೇ, ಉಸಿರಿಲ್ಲದವನ ಎದುರು ಇವರದೆಂಥ ಗಂಟಲು!

ಕದಿರಪ್ಪನವರು ಮೆಲ್ಲಗೆ ಕಂಪನಿಯ ವಕೀಲನಿಗೆ, “ನಿಯಮ ನೀವು ಹೇಳಿದಂತೆಯೇ ಇದೆ, ಸ್ವಾಮಿ. ಪ್ರಶ್ನೆಗಳನ್ನು ನೀವೇ ಬರೆಯಿರಿ” ಎಂದರು. ಸರ್ಕಾರಿ ವಕೀಲನತ್ತ ತಿರುಗಿ, “ಅವನ್ನು ತಾವು ನೋಡಿ ಒಪ್ಪಿದ ಮೇಲೇ ಕೇಳೋಣ. ಹೌದಾದರೆ ಸಾಕ್ಷಿ ಕೈ ಎತ್ತಲಿ” ಎಂದರು. ಇಬ್ಬರಿಗೂ ತಾವೇ ಗೆದ್ದಂತಾಯಿತು. ನಡುವಿನ ಮುದುಕರು ಆಗಲೆಂದು ತಲೆಯಾಡಿಸಿದರು.

“ಅಣ್ಣ, ಮಾತು ಬ್ಯಾಡ. ಔದಾದ್ರೆ ಕೈ ಎತ್ತು, ಸಾಕು” ಎಂದರು ಕದಿರಪ್ಪನವರು ಚಿಕ್ಕಮುನಿಯಪ್ಪನಿಗೆ.

ನಾಲ್ಕು ಪ್ರಶ್ನೆಗೂ ಕೈ ಎದ್ದಿತು. ಆಗ ಕಂಪನಿಯ ವಕೀಲ ಹಾಳೆಯಲ್ಲಿಲ್ಲದ್ದೊಂದನ್ನು ಕೇಳಿದ: “ಅದೇ ದೂಳು ನೀನೂ ಕುಡಿದಿದ್ದರೆ ಪರಿಹಾರ ಏಕೆ ಕೇಳಲಿಲ್ಲ?”

ಚಿಕ್ಕಮುನಿಯಪ್ಪ ಕುರ್ಚಿಯ ಕೈ ಹಿಡಿದು ಬಹಳ ಹೊತ್ತು ಉಸಿರು ಕೂಡಿಸಿಕೊಂಡ. “ಸತ್ತೋರ ಎಂಡ್ರಿಗೆ ಮಾತ್ರ ಅಂದ್ರು, ಸಾಮಿ. ನಾನಿನ್ನೂ ಸತ್ತಿಲ್ವಲ್ಲ.”

ಕದಿರಪ್ಪನವರು ಒಂದಕ್ಷರ ಕೂಡಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿ ಕೂತರು. ಮಂಗಮ್ಮನ ಅರ್ಜಿ ಅವತ್ತೇ ಮಂಜೂರಾಯಿತು.

ಆರು ವಾರ ಕಳೆದು ಚಿಕ್ಕಮುನಿಯಪ್ಪನ ಹೆಂಡತಿ ಗಂಗರತ್ನಮ್ಮ ಬರಿಗೊರಳಲ್ಲಿ ಕದಿರಪ್ಪನವರ ಬಾಗಿಲಿಗೆ ಬಂದಳು. “ಈಗ್ ನಂಗೂ ಅರ್ಜಿ ಬರ್ಕೊಡಿ, ಸಾಮಿ” ಎಂದಳು.

ಪಂಚರು ಊರು ಬಿಟ್ಟು ತಿಂಗಳಾಗಿತ್ತು, ಇನ್ನು ಅರ್ಜಿ ಕೇಳುವವರೇ ಇರಲಿಲ್ಲ. ಕದಿರಪ್ಪನವರು ಅವಳನ್ನು ಜಗಲಿಯ ಮೇಲೆ ಕೂರಿಸಿ ಅತ್ತುಬಿಟ್ಟರು.