ದೋಣಿ ಹತ್ತಿದ ಬಾತುಗಳು

ಕಳೆದ ವರ್ಷ ಜನವರಿಯ ಒಂದು ಭಾನುವಾರ ನಡೆದದ್ದು. ನಾನು ಬಂಟ್ವಾಳದಲ್ಲಿ ಬಟ್ಟೆ ಹೊಲಿಯುವವಳು. ಚಳಿಗಾಲದಲ್ಲಿ ನೀರುಹಕ್ಕಿ ಎಣಿಸುವ ತಂಡವೊಂದರಲ್ಲಿದ್ದೇನೆ. ನರಿಕೊಂಬಿನ ಹೊಳೆಬದಿ ನನ್ನ ಪಾಲಿನ ಜಾಗ. ಮೊದಲೆರಡು ವರ್ಷ ಅಲ್ಲಿ ಒಂದು ಬಾತೂ ಕಾಣಲಿಲ್ಲ. ತಂಡ ನಡೆಸುವ ಉಜಿರೆಯ ಮೇಷ್ಟ್ರು, "ಈ ಸಲವೂ ಇಲ್ಲದಿದ್ರೆ ಆ ಜಾಗ ಪಟ್ಟಿಯಿಂದ ತೆಗೆಯುವ, ವಾರಿಜಕ್ಕ" ಎಂದಿದ್ದರು. ನನಗೆ ಸಂಕಟವಾಯಿತು. ನರಿಕೊಂಬು ನನ್ನ ತವರು, ನಾನು ಈಜು ಕಲಿತ ಹೊಳೆ ಅದು. ಪಟ್ಟಿಯಿಂದ ಹೋದರೆ ಮತ್ತೆ ಅದನ್ನು ಕೇಳುವವರೇ ಇಲ್ಲ.

ಅಂದು ಬೆಳಿಗ್ಗೆ ಹೊಳೆಯ ತುಂಬ ಮಂಜು. ನಡುನೀರಿನಲ್ಲಿ ಕಪ್ಪಗೆ, ಕತ್ತೆತ್ತಿಕೊಂಡು ಸಾಲಾಗಿ ಬಾತುಗಳು ತೇಲುತ್ತಿದ್ದವು! ಅಂಗಿಯ ಗುಂಡಿ ಎಣಿಸಿ ಅಭ್ಯಾಸವಾದವಳು, ಎರಡೆರಡು ಸಲ ಎಣಿಸಿದೆ. ಅರುವತ್ತನಾಲ್ಕು. ಕೂಡಲೇ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿಯೂ ಆಯಿತು.

ಅಷ್ಟರಲ್ಲಿ ಅದೇ ಊರಿನ ಹಮೀದಾಕ ದೋಣಿಯಲ್ಲಿ ಬಂದರು. ಮೀನು ಹಿಡಿಯುವವರು, ವಯಸ್ಸಾದವರು. ಹಕ್ಕಿ ಹಾರಿಹೋಗ್ತದೆ ಎಂದು ನಾನು ಕೈಬೀಸುತ್ತಿದ್ದರೂ ಅವರು ನೇರ ಅಲ್ಲಿಗೇ ಹೋಗಿ ಹಗ್ಗ ಎಳೆದರು. ನನ್ನ ಬಾತುಗಳು ಒಂದರ ಹಿಂದೆ ಒಂದು ಸಾಲಾಗಿ ದೋಣಿ ಹತ್ತಿದವು. ಎಲ್ಲ ಇಂಜಿನ್ ಆಯಿಲಿನ ಖಾಲಿ ಡಬ್ಬಗಳು. ಬಲೆ ಮುಳುಗದಂತೆ ಕಟ್ಟಿದ್ದು.

ದಡಕ್ಕೆ ಬಂದಾಗ ನಾನು ಎಣಿಸಿದ ವಿಷಯ ತಿಳಿದು ಹಮೀದಾಕ ನಗಲಿಕ್ಕೆ ಶುರುಮಾಡಿದವರು ನಿಲ್ಲಿಸಲೇ ಇಲ್ಲ. ನನಗೆ ಅಳು ಬಂತು. ಪಟ್ಟಿಯ ವಿಚಾರ ಹೇಳಿದೆ. ಅವರ ನಗು ನಿಂತಿತು.

"ಬಾತು ಬೇಕಾದ್ರೆ ಕುದ್ರುವಿನ ಆಚೆ ಉಂಟಲ್ಲ" ಎಂದರು. ಹೊಳೆಯ ನಡುವಿನ ದಿಬ್ಬಕ್ಕೆ ನಾವು ಕುದ್ರು ಎನ್ನುವುದು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ ಮಾರಾಯ್ರೆ. ದಡದಲ್ಲಿ ನಿಂತು ಬರೀತಾ ಇದ್ರಿ. ಸೇತುವೆ ಕಟ್ಟುವ ಲೆಕ್ಕ ಏನೋ ಅಂತ ಗ್ರಹಿಸಿದೆ. ಬನ್ನಿ, ಕೂತ್ಕೊಳ್ಳಿ."

ಕುದ್ರು ಸುತ್ತಿ ಆಚೆ ಹೋದ ಮೇಲೆ ಅವರು ಹುಟ್ಟು ಹಾಕುವುದನ್ನು ನಿಲ್ಲಿಸಿದರು. ಮೊದಲು ಕೇಳಿದ್ದು ಸಿಳ್ಳೆ. ಮಂಜು ಸ್ವಲ್ಪ ಸರಿದಾಗ ಹುಲ್ಲಿನ ಬದಿಯಲ್ಲಿ ಕಂದು ಬಣ್ಣದ ಸಿಳ್ಳೆ ಬಾತುಗಳು ಕಂಡವು. ರೆಕ್ಕೆ ಕೊಡವುವ, ಮುಳುಗಿ ಏಳುವ, ಜೀವ ಇರುವ ಬಾತುಗಳು. ಎಣಿಸಿದೆ. ಮೂವತ್ತೊಂದು. ಹಮೀದಾಕ ತಾವೂ ಬೆರಳು ಮಡಚಿ ಎಣಿಸಿ, "ಸರಿ ಉಂಟು" ಎಂದರು.

ಮೇಷ್ಟ್ರಿಗೆ ಮತ್ತೆ ಫೋನ್ ಮಾಡಿ ಡಬ್ಬದ ಕತೆಯನ್ನೂ ಮುಚ್ಚಿಡದೆ ಹೇಳಿದೆ. ಅವರು ಮನಸಾರೆ ನಕ್ಕು, "ಮೂವತ್ತೊಂದು ಬರೆಯಿರಿ. ಜಾಗ ಪಟ್ಟಿಯಲ್ಲಿ ಇರ್ತದೆ" ಎಂದರು.

ಇದೇ ಊರಿನವಳು ಎಂಬ ಜಂಬದಲ್ಲಿ, ದಿನಾ ಹೊಳೆಯಲ್ಲೇ ಇರುವ ಮನುಷ್ಯನನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಆ ನಾಚಿಕೆ ಈಗಲೂ ಉಂಟು.

ಈ ಜನವರಿಯಲ್ಲಿ ಪುನಃ ಹೋದೆ. ಮಂಜಿನ ನಡುವೆ ಬಲೆಯ ಡಬ್ಬಗಳೆಲ್ಲ ಕೆಂಪಗೆ ಹೊಳೆಯುತ್ತಿದ್ದವು. ಹಮೀದಾಕ ದೋಣಿಯನ್ನು ದಡಕ್ಕೆ ತಂದು ಕಾಯುತ್ತಿದ್ದರು.

"ದೋಣಿಗೆ ಹೊಡೆದ ಪೈಂಟ್ ಸ್ವಲ್ಪ ಉಳಿದಿತ್ತು" ಎಂದರು. "ಕೆಂಪಿನದ್ದು ನನ್ನದು ವಾರಿಜಕ್ಕ. ಬಾಕಿದ್ದನ್ನು ನೀವು ಎಣಿಸಿ."