ಹತ್ತಡಿ ಹೋರ್ಡಿಂಗಿಗೆ ಹದಿನಾಲ್ಕು ಮುಖ

ಫ್ರೆಂಡ್ಸ್, ಮನೆಯ ಗೋಳನ್ನು ಇಲ್ಲಿ ಬರೆಯುತ್ತಿರುವುದಕ್ಕೆ ಸಾರಿ. ಹಾಸ್ಟೆಲ್ಲಿನಲ್ಲಿ ಕಲಿತ ನನ್ನ ಕನ್ನಡಕ್ಕೂ ಸಾರಿ.

ಚಿಕ್ಕಪ್ಪ ತಮಿಳುನಾಡಿನ ನಮ್ಮೂರು ಚಿನ್ನಮನೂರಿನಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ತೆರೆಯುತ್ತಿದ್ದಾರೆ. ಬಿಬಿಎ ಫಸ್ಟ್ ಇಯರ್ ಎಂಬ ಒಂದೇ ತಪ್ಪಿಗೆ ಹೋರ್ಡಿಂಗಿನ ಎಸ್ಟಿಮೇಟ್ ನನ್ನ ತಲೆಗೆ ಬಿತ್ತು. ಜಾಗದ ಬಾಡಿಗೆ, ಪರ್ಮಿಷನ್, ಫ್ಲೆಕ್ಸ್ ಪ್ರಿಂಟ್, ಕಟ್ಟುವವರ ಕೂಲಿ ಎಲ್ಲ ಸೇರಿಸಿ, ಅವರ ಬಜೆಟ್ಟಿಗೆ ಸರಿಯಾಗಿ ತೇನಿ ರಸ್ತೆಯಲ್ಲಿ ಹತ್ತಡಿ ಅಗಲದ ಬೋರ್ಡ್ ಬುಕ್ ಮಾಡಿದೆ.

ಇವತ್ತು ಡಿಸೈನ್ ತೋರಿಸಿದೆ. ಚಿಕ್ಕಪ್ಪ ಕೇಳಿದರು, "ಮಾಮಂದಿರ ಮೊಕ ಎಲ್ಲವ್ವಾ?"

"ಇದು ಪೈಪಿನ ಆಡ್, ಚಿಕ್ಕಪ್ಪಾ."

"ಮದ್ವೆ ಬ್ಯಾನರಲ್ಲಿ ಮೊಕ ಇಲ್ಲಾಂತ ದೊಡ್ಡಮಾಮ ಉಣ್ದೇ ಎದ್ದೋದ್ರು, ಮರ್ತೋಯ್ತಾ? ಸೊಂತಕಾರ್ರು, ನೆಂಟ್ರು ಹದಿನಾಲ್ಕು ಜನಾನೂ ಹಾಕು. ದುಡ್ಡು ಮಾತ್ರ ಒಂದ್ರೂಪಾಯೂ ಜಾಸ್ತಿ ಕೇಳ್ಬೇಡ."

ಎಲ್ಲರನ್ನೂ ಹಾಕಿದೆ. ಅಂಗಡಿಯ ಹೆಸರು ದೊಡ್ಡಮಾಮನ ಮೀಸೆಗಿಂತ ಚಿಕ್ಕದಾಯಿತು. ಓಡುವ ಬಸ್ಸಿನಿಂದ ಅದನ್ನು ಯಾರೂ ಓದಲಾರರು. ಗಿರಾಕಿ ಬರದಿದ್ದರೆ ತಪ್ಪು ನನ್ನ ಎಸ್ಟಿಮೇಟಿನದೇ ಆಗುತ್ತದೆ.

ಅಜ್ಜಿ ಬಂದು ನೋಡಿ, "ನನ್ ಮೊಕ ತೆಗ್ದಾಕು, ನನ್ ಕಣ್ಣೇ. ದೊಡ್ಡಮಾಮಂದು ಮಾತ್ರ ಮುಟ್ಬೇಡ, ನಿನ್ ಕಾಲೇಜ್ ಫೀಸು ಕಟ್ಟೋನು ಅವ್ನೇ" ಎಂದರು.

ಅಜ್ಜಿಯನ್ನು ತೆಗೆಯಲು ನನಗೆ ಮನಸ್ಸಿಲ್ಲ, ಮಾಮನನ್ನು ತೆಗೆಯಲು ಧೈರ್ಯವಿಲ್ಲ. ಹಾಗಾಗಿ ತೆಗೆಯಲು ಉಳಿದಿರುವುದು ಪೈಪು. ಇಡೀ ಬೋರ್ಡಿನಲ್ಲಿ ನಮ್ಮ ಸಂಬಂಧಿಯಲ್ಲದ್ದು ಅದೊಂದೇ.

ಆರು ಗಂಟೆಗೆ ಪ್ರಿಂಟಿಗೆ ಕೊಡಬೇಕು. ಏನು ಮಾಡಲಿ? ದಯವಿಟ್ಟು ಬೇಗ ರಿಪ್ಲೈ ಮಾಡಿ.