ಮುರಿಗೆಪ್ಪನ ಏಪ್ರಿಲ್ ಚಾಟ್ನಿ

ದೂರದ ಚಳಿದೇಶದ ಎಟೋಬಿಕೋಕ್ ಎಂಬ ಊರಿನಲ್ಲಿ ಸರೋವರದ ಕಡೆ ಇಳಿಯುವ ಬಸ್ಸು ಕೊನೆಗೆ ನಿಲ್ಲುವುದು ಒಂದು ಹಳೆಯ ಇಟ್ಟಿಗೆ ಗೋಡೆಯ ಮುಂದೆ. ಅದರೊಳಗಿನ ತೋಟ ಐರ್ಲೆಂಡಿನಿಂದ ಬಂದ ಶ್ರೀಮಂತ ಮನೆತನವೊಂದು ಮಾಡಿಸಿದ್ದು. ಊರು ಬಿಟ್ಟು ಬಂದವರಿಗೆ ಊರಿನ ಎಸ್ಟೇಟಿನ ತೋಟವನ್ನು ಮಾತ್ರ ಬಿಡಲಾಗಲಿಲ್ಲ ನೋಡಿ. ಅಲ್ಲಿದ್ದಂಥದೇ ಗೋಡೆ, ಗೋಡೆಗೆ ಒರಗಿಸಿ ಬೆಳೆಸಿದ ಪಿಯರ್ ಮರ, ಅಲ್ಲಿದ್ದಂಥದೇ ಗಾಜಿನ ಮನೆ. ಆ ಗಾಜಿನ ಮನೆಯೊಳಗೆ ಒಂದೇ ಒಂದು ದ್ರಾಕ್ಷಿ ಬಳ್ಳಿ. ಅದರ ಕಡ್ಡಿಯನ್ನು ಒದ್ದೆ ಪಾಚಿಯಲ್ಲಿ ಸುತ್ತಿ ಹಡಗಿನಲ್ಲಿ ತಂದಿದ್ದರಂತೆ. ಆಮೇಲೆ ಮನೆತನ ಚದುರಿಹೋಯಿತು, ತೋಟದಲ್ಲಿ ಕಸಕಡ್ಡಿ ಬೆಳೆಯಿತು. ಮತ್ತೆ ಅದನ್ನು ಹಿಂದಿನಂತೆ ಮಾಡಲು ಹೊರಟ ಟ್ರಸ್ಟಿನವರು ತೊಂಬತ್ತರ ದಶಕದಲ್ಲಿ ಮೋರೀನ್ ಎಂಬ ಹಿರಿಯ ತೋಟಗಾರ್ತಿಯ ಕೈಗೆ ಕೀಲಿ ಕೊಟ್ಟರು.

ಅದೇ ಹೊತ್ತಿಗೆ ನಮ್ಮ ಮುರಿಗೆಪ್ಪ ಹತ್ತಿರದ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಬಕೆಟ್ಟುಗಳಿಗೆ ಹಿಡಿಕೆ ಸಿಕ್ಕಿಸುತ್ತ ಬೇಸತ್ತಿದ್ದ. ವಿಜಾಪುರ ಜಿಲ್ಲೆಯ ತಿಕೋಟಾ ಕಡೆಯವನು, ನಡೆಯಲು ಕಲಿತದ್ದೇ ದ್ರಾಕ್ಷಿ ಚಪ್ಪರದ ಕೆಳಗೆ. ಒಂದು ಭಾನುವಾರ ತೋಟ ನೋಡಲು ಹೋದವನು ಗಾಜಿಗೆ ಮೂಗು ಒತ್ತಿ ಬಳ್ಳಿಯನ್ನು ನೋಡುತ್ತಲೇ ನಿಂತುಬಿಟ್ಟ. ಮೋರೀನ್ ಒಳಗೆ ಕರೆದು ನಾಲ್ಕು ಮಾತಾಡಿದಳು, ಮರುತಿಂಗಳು ಕೆಲಸವನ್ನೇ ಕೊಟ್ಟಳು. ಹೆಂಡತಿ ರುದ್ರವ್ವನಿಗೆ ಅವನು ಆ ಬಳ್ಳಿಯ ಬಗ್ಗೆ ಹೇಳಿದ್ದು ಇಷ್ಟೆ: "ಈ ದೇಶದಾಗ ನಮ್ಮ ಪೈಕಿ ಒಬ್ಬ ಸಿಕ್ಕ."

ತೊಂಬತ್ತೆಂಟರ ವಸಂತದಲ್ಲಿ ಮೋರೀನ್ ಐರ್ಲೆಂಡಿಗೆ ಹೊರಟಳು. ಮೂಲ ತೋಟವನ್ನು ಕಣ್ಣಾರೆ ನೋಡಿ, ಇಲ್ಲಿ ಏನೇನು ತಪ್ಪಿದೆ ಎಂದು ತಿಳಿದು ಬರುವ ಆಸೆ. "ಬಳ್ಳಿ ನಿನ್ನ ಕೈಯಲ್ಲಿದೆ, ಮುರಿಗೆಪ್ಪ" ಎಂದು ಹೇಳಿಹೋದಳು.

ಹೇಳಬಾರದಿತ್ತು. ಅತ್ತ ಏಪ್ರಿಲ್ ಬಂತು, ಇತ್ತ ಮುರಿಗೆಪ್ಪನ ಕೈ ಕಡಿಯತೊಡಗಿತು. ತಿಕೋಟಾದಲ್ಲಿ ಏಪ್ರಿಲ್ ಎಂದರೆ ಚಾಟ್ನಿ, ಬಳ್ಳಿ ಸವರುವ ಕಾಲ. ಹಳೆಯ ಕಡ್ಡಿಗಳನ್ನೆಲ್ಲ ಗಿಡ್ಡಗೆ ಕತ್ತರಿಸಿ ಬಳ್ಳಿಯನ್ನು ಬೋಳು ಮಾಡಿದರೇ ಹೊಸ ಕಡ್ಡಿ ಬರುವುದು. ಅವನ ಅಪ್ಪ ಮಾಡಿದ್ದು ಅದನ್ನೇ, ಅಜ್ಜ ಮಾಡಿದ್ದೂ ಅದನ್ನೇ. ಮೋರೀನ್ ಚಳಿಗಾಲದಲ್ಲಿ ಹೆದರಿ ಹೆದರಿ ತುದಿ ಮಾತ್ರ ಕತ್ತರಿಸಿದ್ದಳು. ಇವನ ಕಣ್ಣಿಗೆ ಆ ಬಳ್ಳಿ ತಲೆ ಬಾಚದ ಮಗುವಿನ ಹಾಗೆ ಕಾಣುತ್ತಿತ್ತು. ಬಂದವಳು ನೋಡಿ ಖುಷಿಪಡಲಿ ಎಂದುಕೊಂಡು, ಕತ್ತರಿ ಹಿಡಿದು ಬೆಳಿಗ್ಗೆಯಿಂದ ಸಂಜೆವರೆಗೆ ಮನಸಾರೆ ಚಾಟ್ನಿ ಮಾಡಿದ. ಕತ್ತರಿಸಿದ ಕಡ್ಡಿಗಳನ್ನು ಊರಿನ ರೂಢಿಯಂತೆ ಕಟ್ಟು ಕಟ್ಟಿ, ಮೂಲೆಯ ಮರಳಿನ ಪೆಟ್ಟಿಗೆಯಲ್ಲಿ ಊರಿ, ಒದ್ದೆ ಗೋಣಿತಟ್ಟು ಹೊದಿಸಿದ. ಹಾಗೆ ಮಾಡಿದ್ದು ಅವನಿಗೇ ನೆನಪಿಲ್ಲ. ಕೈಗೆ ಅಷ್ಟು ರೂಢಿ.

ಮರುದಿನ ಬಾಗಿಲು ತೆರೆದರೆ ನೆಲವೆಲ್ಲ ಒದ್ದೆ. ಪ್ರತಿಯೊಂದು ಗಾಯದಿಂದಲೂ ನೀರು ತೊಟ್ಟಿಕ್ಕುತ್ತಿದೆ. ಮುರಿಗೆಪ್ಪ ಬಾಗಿಲು ಎಳೆದುಕೊಂಡು ಮನೆಗೆ ಬಂದ.

"ಯಾಕ್ರಿ, ಮಾರಿ ಸಣ್ಣ ಮಾಡ್ಕೊಂಡು ಕುಂತೀರಿ?" ಎಂದಳು ರುದ್ರವ್ವ.

"ಬಳ್ಳಿ ಅಳಾಕತ್ತೈತಿ. ನಿಲ್ಲವಲ್ದು."

"ನಮ್ಮೂರಾಗ ಮಾಡಿದ್ದ ಮಾಡೀರಿ. ತಪ್ಪೇನೈತಿ?"

"ನಮ್ಮೂರಾಗ ಬಳ್ಳಿ ಹಿಂಗ ಮಕ್ಕೊಳ್ಳೂದಿಲ್ಲ. ಇದು ವಿಂಟರ್ ಪೂರ್ತಿ ಮಕ್ಕೊಂಡಿತ್ತು. ಎಚ್ಚರಾಗೂ ಹೊತ್ತಿಗೆ, ಬೇರು ನೀರೆಲ್ಲಾ ಮ್ಯಾಲೆ ಕಳಸೂ ಹೊತ್ತಿಗೆ, ಕತ್ತರಿ ಹಾಕೀನಿ."

ರುದ್ರವ್ವ ದೇವರ ಮನೆಯಿಂದ ವಿಭೂತಿ ಗಟ್ಟಿ ತಂದುಕೊಟ್ಟಳು. ಅವನು ಹೋಗಿ ಗಾಯಗಳಿಗೆಲ್ಲ ಅದನ್ನು ತಿಕ್ಕಿದ. ವಿಭೂತಿ ನೀರಲ್ಲಿ ತೊಳೆದುಹೋಯಿತು.

ಮೋರೀನ್ ಬಂದ ದಿನ ಗೇಟಿನಲ್ಲೇ ಎಲ್ಲ ಹೇಳಿಬಿಟ್ಟ. ಅವಳು ಬೈಯಲಿಲ್ಲ. ಒಳಗೆ ಹೋಗಿ ಬೋಳು ಬಳ್ಳಿಯನ್ನು ನೋಡಿ, ಕುಕ್ಕರಿಸಿದಳು.

"ಐರ್ಲೆಂಡಿನ ತೋಟದಲ್ಲಿ ಈಗ ಬಳ್ಳಿ ಇಲ್ಲ" ಎಂದಳು. "ಗಾಜಿನ ಮನೆ ಕುಸಿದ ವರ್ಷವೇ ಸತ್ತಿತಂತೆ. ಆ ತಳಿಯಲ್ಲಿ ಉಳಿದಿರುವುದು ಇದೊಂದೇ, ಮುರಿಗೆಪ್ಪ."

ಅವಳು ಬೈದಿದ್ದರೇ ಚೆನ್ನಾಗಿತ್ತು. ಅಷ್ಟು ದೂರದಿಂದ ಬಂದು, ನೂರೈವತ್ತು ಚಳಿಗಾಲ ದಾಟಿದ ಜೀವ ತನ್ನ ಕೈಯಿಂದ ಹೋಗುವುದೇ ಎಂದು ಅವನು ಕುದಿದುಹೋದ. ಊಟ ಸೇರಲಿಲ್ಲ. ತೊಟ್ಟಿಕ್ಕುವುದು ನಿಂತ ಮೇಲಂತೂ ಇನ್ನೂ ಹೆದರಿಕೆ. ನೀರು ತೀರಿಹೋಯಿತೋ ಏನೋ. ಮೇ ಬಂತು. ಹೊರಗೆ ಹುಲ್ಲುಕಡ್ಡಿಗೂ ಹಸಿರು ಬಂತು, ಬಳ್ಳಿ ಒಣ ಹಗ್ಗದ ಹಾಗೆ ಬಿದ್ದಿತ್ತು.

ಒಂದು ಬೆಳಿಗ್ಗೆ ನೀರಿನ ಡಬ್ಬಿ ಹುಡುಕುತ್ತ ಮೂಲೆಗೆ ಹೋದವನಿಗೆ ಗೋಣಿತಟ್ಟು ಮೇಲೆದ್ದಿರುವುದು ಕಂಡಿತು. ಇಲಿ ಇರಬೇಕೆಂದು ಸರಿಸಿದ. ಇಲಿಯಲ್ಲ. ತಾನು ಮರೆತಿದ್ದ ಕಡ್ಡಿಗಳ ಕಟ್ಟು; ಕಡ್ಡಿಕಡ್ಡಿಗೂ ಎಳೆಯ ಎಲೆ. "ಮೇಡಂ" ಎಂದು ಕೂಗಿದ. ಮೋರೀನ್ ಬಂದು ನೋಡಿದಳು, ನಗುತ್ತ ಕೆಸರುಗೈಯಲ್ಲೇ ಕಣ್ಣೊರೆಸಿಕೊಂಡಳು. "ಈ ಬಳ್ಳಿಯನ್ನು ಇಷ್ಟು ಕತ್ತರಿಸುವ ಧೈರ್ಯ ನನಗೆ ಬರುತ್ತಿರಲಿಲ್ಲ. ಇಷ್ಟು ಸಸಿಯೂ ಸಿಗುತ್ತಿರಲಿಲ್ಲ."

ವಾರ ಕಳೆಯುವುದರೊಳಗೆ ತಾಯಿಬಳ್ಳಿಯ ಬುಡದ ಹತ್ತಿರವೂ ಗುಲಾಬಿ ಬಣ್ಣದ ಮೊಗ್ಗೊಂದು ಒಡೆಯಿತು, ಅದರ ಹಿಂದೆಯೇ ಮತ್ತಷ್ಟು. ಆ ದಿನ ಮುರಿಗೆಪ್ಪ ಮನೆಗೆ ಬಂದು ಮೂರು ರೊಟ್ಟಿ ಉಂಡ. ರುದ್ರವ್ವ ನಾಲ್ಕನೆಯದು ಹಾಕಿದಳು.

ಕಾಗದಪತ್ರವೆಲ್ಲ ಮಾಡಿಸಿ ಎರಡು ಸಸಿಗಳನ್ನು ಐರ್ಲೆಂಡಿಗೆ ಕಳಿಸುವ ಹೊತ್ತಿಗೆ ಎರಡು ಸಾವಿರದ ಇಸವಿ ಬಂದಿತ್ತು. ಅಲ್ಲಿ ಗಾಜಿನ ಮನೆಯನ್ನು ಮತ್ತೆ ಕಟ್ಟಿ, ಹಳೆಯ ಗುಣಿಯಲ್ಲೇ ನೆಟ್ಟರು. ಮೂರು ವರ್ಷದ ಮೇಲೆ ಅಲ್ಲಿಯ ತೋಟಗಾರನ ಫೋನು ಬಂತು: ಬಳ್ಳಿ ಸೂರು ಮುಟ್ಟಿದೆ, ಕತ್ತರಿಸುವುದು ಹೇಗೆ, ಯಾವಾಗ?

ಮೋರೀನ್ ಫೋನನ್ನು ಮುರಿಗೆಪ್ಪನ ಕೈಗಿಟ್ಟಳು. ಅವನು ಅದನ್ನು ಕಿವಿಗೆ ಒತ್ತಿಕೊಂಡ.

"ಹೇಗೆ ಬೇಕಾದರೂ ಕತ್ತರಿಸಿ ಸರ್" ಎಂದ. "ಏಪ್ರಿಲ್‌ನಲ್ಲಿ ಮಾತ್ರ ಮುಟ್ಟಬೇಡಿ."